ಬಿಡ್ತು ಅನ್ನದವಳು

ಹೋದ ವಾರ ದೇವನಹಳ್ಳಿ ಕಡೆಯ ಗಂಡ ಹೆಂಡತಿ ಇಬ್ಬರು ನಮ್ಮ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ, "ಇಲ್ಲಿ ಮುತ್ತೈದೆಯರ ಮನೆ ಅಂತಾರಲ್ಲ, ಅದ್ಯಾವ್ದಮ್ಮ?" ಎಂದು ಕೇಳಿದರು. ನಾನು ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಕೈ ಆಗಲೇ ಉರಿಯುತ್ತಿತ್ತು, ಆ ಮಾತು ಕೇಳಿ ಮೈಯೂ ಉರಿಯಿತು. ಯಾಕೆ ಎಂದೆ. ಮಗನಿಗೆ ಹೆಣ್ಣು ಹುಡುಕುತ್ತಿದ್ದಾರಂತೆ. ಜಾತಕದಲ್ಲಿ ಅವನಿಗೆ ಆಯುಸ್ಸು ಸ್ವಲ್ಪ ಕಡಿಮೆ ಎಂದು ಯಾರೋ ಹೇಳಿದರಂತೆ. ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಒಂದು ಮನೆಯಿದೆ, ಆ ಮನೆಯ ಹೆಣ್ಣು ತಂದುಕೊಂಡರೆ ಗಂಡ ನೂರು ವರ್ಷ ಬಾಳುತ್ತಾನೆ ಎಂದು ಇನ್ಯಾರೋ ಹೇಳಿದರಂತೆ.

"ಆ ಮನೆ ಖಾಲಿಯಾಗಿ ತಿಂಗಳಾಯ್ತು. ಇದ್ದ ಹೆಣ್ಣುಮಗು ಇನ್ನೂ ಏಳನೇ ಕ್ಲಾಸು. ನಿಮ್ಮ ಮಗನ ಆಯುಸ್ಸಿನ ಚಿಂತೆ ಇದ್ರೆ ಯಾವುದಾದ್ರೂ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ" ಎಂದೆ. ಆಯಮ್ಮ ಮುಖ ಸಿಂಡರಿಸಿಕೊಂಡು ಸ್ಕೂಟರ್ ಹತ್ತಿದಳು.

ಅವರು ಹೋದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಒಳಗೆ ಬಂದು ಕೂತೆ, ಎದ್ದೆ, ಮತ್ತೆ ಕೂತೆ. ಹೀಗೆ ಕೂತಲ್ಲಿ ಕೂರಲಾರದ ಚಟವನ್ನು ನನಗೆ ಅಂಟಿಸಿ ಹೋದವಳು ಅವಳೇ, ಆ ಮನೆಯವಳು. ಅವಳ ಹೆಸರು ಬರೆಯುವುದಿಲ್ಲ. ಬರೆದರೆ ಹೊಸಕೋಟೆಯಿಂದ ಬಸ್ಸು ಹತ್ತಿ ಬಂದು ಜಗಳವಾಡಿಯಾಳು.

ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ನನ್ನನ್ನು ಊರೆಲ್ಲ ಮಿಸ್ ಎಂದರೆ ಅವಳು ಮಾತ್ರ ಅಕ್ಕ ಎನ್ನುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಕಾಫಿ ಲೋಟ ಕೈಗೆ ಕೊಟ್ಟರೆ ನಮ್ಮ ಅಡಿಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಜಗುಲಿಗೆ ಓಡಾಡುತ್ತಲೇ ಕುಡಿಯುವಳು. ಆಮೇಲೆ ಲೋಟ ಎಲ್ಲಿಟ್ಟಳೆಂದು ನಾನು ಮನೆಯೆಲ್ಲ ಹುಡುಕಬೇಕು. ಊಟವೂ ನಿಂತುಕೊಂಡೇ. "ಕೂತ್ಕೊಂಡು ತಿನ್ನೇ, ಅನ್ನಕ್ಕೆ ಮರ್ಯಾದೆ ಬೇಡ್ವಾ" ಎಂದರೆ, "ಅನ್ನ ಒಳಗೆ ಹೋದ್ರೆ ಸಾಕಕ್ಕ, ಮರ್ಯಾದೆ ಅದಕ್ಕೇನ್ ಗೊತ್ತು" ಎನ್ನುವಳು. ಸೀರೆಯ ಡಿಸೈನನ್ನು ಕಂಪ್ಯೂಟರಿಗೆ ಹಾಕಿ ಮಗ್ಗಕ್ಕೆ ಏರಿಸುವ ತೂತಿನ ಕಾರ್ಡು ಮಾಡಿಕೊಡುವ ಅಂಗಡಿಯಲ್ಲಿ ಕೆಲಸ. ಅಲ್ಲೂ ಕುರ್ಚಿ ಪಕ್ಕಕ್ಕೆ ತಳ್ಳಿ ನಿಂತುಕೊಂಡೇ ಹೂವು, ಹಂಸ, ಮಾವಿನಕಾಯಿ ಬರೆಯುತ್ತಿದ್ದಳಂತೆ. ನಮ್ಮ ಬೀದಿಯಲ್ಲಿ ಪವರ್‌ಲೂಮಿನ ಸದ್ದು ನಿಲ್ಲುವುದೇ ಕರೆಂಟು ಹೋದಾಗ. ಆಗ ನಾವೆಲ್ಲ ಅಬ್ಬ ಎಂದು ಉಸಿರು ಬಿಟ್ಟರೆ ಅವಳೊಬ್ಬಳು ಹೊರಗೆ ಬಂದು, "ಏನಕ್ಕ ಇದು, ಇಷ್ಟು ಸುಮ್ನಿದ್ರೆ ಹೆಂಗೆ ಬದ್ಕೋದು" ಎಂದು ಶತಪಥ ಹಾಕುತ್ತಿದ್ದಳು.

ಆ ಮನೆಗೆ ಮುತ್ತೈದೆಯರ ಮನೆ ಎಂದು ಹೆಸರು ಬಂದದ್ದು ಹೇಗೆಂದು ಹೇಳದಿದ್ದರೆ ಅವಳು ಅರ್ಥವಾಗುವುದಿಲ್ಲ. ಗಂಡುಮಕ್ಕಳಿಲ್ಲದ ಮನೆ. ಹೆಣ್ಣುಮಕ್ಕಳನ್ನು ಕೊಡದೆ ಅಳಿಯಂದಿರನ್ನೇ ಮನೆಗೆ ತಂದುಕೊಂಡು ಮಗ್ಗ ನಡೆಸಿದವರು. ಅವಳ ಅಜ್ಜಿ ಹೊಟ್ಟೆ ಊದಿಕೊಂಡು ಹೋದರು, ಐವತ್ತಾಗಿರಲಿಲ್ಲ. ಅವಳಮ್ಮನೂ ಹಾಗೇ. ಚಿಕ್ಕಮ್ಮನಿಗೆ ಎದೆಯಲ್ಲಿ ಗಂಟು. ಎಲ್ಲರೂ ಗಂಡ ಇದ್ದಾಗಲೇ, ಕುಂಕುಮ ಇಟ್ಟುಕೊಂಡೇ ಹೋದವರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಪುಣ್ಯವಿಲ್ಲವಲ್ಲ. ಹೆಣದ ಹಣೆಯ ಕುಂಕುಮ ತೆಗೆದು ತಮ್ಮ ಹಣೆಗೆ ಹಚ್ಚಿಕೊಳ್ಳಲು ಬೀದಿಯ ಹೆಂಗಸರು ಸಾಲುಗಟ್ಟಿದರು. ಏನು ಭಾಗ್ಯ ತಾಯಿ, ಏನು ಭಾಗ್ಯ ಎಂದು ಒಬ್ಬರಿಗಿಂತ ಒಬ್ಬರು ಜೋರಾಗಿ ಹೇಳಿದರು. ಒಂದು ಸಾವಿಗೆ ಭಾಗ್ಯ ಎನ್ನಬಹುದು. ಮೂರನೆಯದಕ್ಕೂ ಭಾಗ್ಯವೆಂದೇ ಹೇಳಿದೆವು, ಯಾರಿಗೂ ಬೇರೆ ಯೋಚನೆ ಬರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಆ ಮನೆಯ ನಡುಮನೆ ನೋಡಬೇಕು. ತಮ್ಮ ಮಗ್ಗದಲ್ಲೇ ನೇಯ್ದ ಹೊಸ ಸೀರೆಗಳು, ಒಂದೊಂದರ ಮೇಲೂ ಬಳೆ, ಹೂವು, ಅರಿಶಿನ ಕುಂಕುಮ. ಬೇರೆ ಮನೆಗಳಲ್ಲಿ ಪಂಚೆ, ಶಲ್ಯ ಇದ್ದರೆ ಇಲ್ಲಿ ಬರೀ ಸೀರೆ. ಊಟಕ್ಕೆ ಕರೆದ ಮುತ್ತೈದೆಯರಿಗೆ ಆ ಸೀರೆ ಕೊಡುತ್ತಿದ್ದರು. ಅದನ್ನು ಉಟ್ಟರೆ ನಮಗೂ ಆ ಭಾಗ್ಯ ಬರುತ್ತದೆಂದು ನಂಬಿಕೆ. ನಾನೂ ಎರಡು ಸಲ ಉಟ್ಟಿದ್ದೇನೆ. ಬಡಿಸುತ್ತಿದ್ದವರು ಯಾರು ಗೊತ್ತೆ? ಅವಳ ತಾತ, ಅಪ್ಪ, ಚಿಕ್ಕಪ್ಪ. ಹೆಂಡತಿಯರಿಲ್ಲದ ಮೂರು ಗಂಡಸರು ಕಚ್ಚೆ ಕಟ್ಟಿ ಹೋಳಿಗೆ ತಟ್ಟುತ್ತಿದ್ದರು. ಅವಳ ಅಪ್ಪನ ಕೈಯ ಒಬ್ಬಟ್ಟಿನ ಸಾರಿನ ರುಚಿ ನಮ್ಮ ಬೀದಿಯ ಯಾವ ಹೆಂಗಸಿನ ಕೈಗೂ ಬರಲಿಲ್ಲ.

ಅವಳ ಅಕ್ಕನನ್ನು ಮಾತ್ರ ಗೌರಿಬಿದನೂರಿಗೆ ಕೊಟ್ಟಿದ್ದರು. ಅಕ್ಕನಿಗೂ ಎದೆಯಲ್ಲಿ ಗಂಟು ಬಂತು, ಮೂವತ್ತೈದಕ್ಕೇ ಹೋದಳು. ಇವಳು ಆಸ್ಪತ್ರೆಯಲ್ಲಿ ಅಕ್ಕನ ಜೊತೆ ತಿಂಗಳುಗಟ್ಟಲೆ ಇದ್ದವಳು. ವರ್ಷ ತುಂಬುವ ಮೊದಲೇ ಭಾವ ಇನ್ನೊಂದು ಮದುವೆಯಾದ. ಆ ಮದುವೆಗೆ ಹೋಗಿ ಬಂದು ನಮ್ಮ ಜಗುಲಿಯಲ್ಲಿ ನಿಂತು ಹೇಳಿದಳು: "ನಮ್ಮ ಭಾವನ ಆಯುಸ್ಸು ನೋಡಿ ಅಕ್ಕ, ಎಷ್ಟು ಗಟ್ಟಿ. ಒಬ್ಬಳಿಗೆ ಆಗಿ, ಇನ್ನೊಬ್ಬಳಿಗೂ ಮಿಕ್ತು."

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇವಳನ್ನು ಕೂರಿಸಿಕೊಂಡು, ನಿಮ್ಮ ಮನೆಯಲ್ಲಿ ಇನ್ಯಾರಿಗೆ ಹೀಗಾಗಿತ್ತು ಎಂದು ಕೇಳಿದ್ದರಂತೆ. ಇವಳು ಹೇಳುತ್ತಾ ಹೋದಂತೆ ಆಯಮ್ಮನ ಮುಖ ಸಣ್ಣದಾಯಿತಂತೆ. ರಕ್ತ ಪರೀಕ್ಷೆ ಮಾಡಿದರು. ಕೆಲವು ವಾರದ ನಂತರ ಸಂಜೆ ನಮ್ಮ ಮನೆಗೆ ಬಂದಳು. ನಾನು ದೀಪ ಹಚ್ಚುತ್ತಿದ್ದೆ.

"ರಿಪೋರ್ಟ್ ಬಂತಕ್ಕ. ಭಾಗ್ಯ ನಂಗೂ ಬಂದಿದೆ."

ಬೆಂಕಿಕಡ್ಡಿ ನನ್ನ ಬೆರಳು ಸುಟ್ಟಿತು. ಅವಳೇ ವಿವರಿಸಿದಳು. ಈ ಕ್ಯಾನ್ಸರಿನ ಗುಣ ಹೆತ್ತವರಿಂದ ಮಕ್ಕಳಿಗೆ ಇಳಿಯುತ್ತದೆ. ಪ್ರತಿ ಮಗುವಿಗೂ ಬರಬಹುದು, ಬರದೆಯೂ ಇರಬಹುದು, ಅರ್ಧಕ್ಕರ್ಧ. ಬಂದವರಿಗೆಲ್ಲ ಕಾಯಿಲೆ ಆಗಿಯೇ ತೀರುತ್ತದೆಂದಲ್ಲ, ಆದರೆ ಆಗುವ ಸಂಭವ ಬೇರೆಯವರಿಗಿಂತ ಬಹಳ ಹೆಚ್ಚು. ಮಕ್ಕಳು ಬೇಕಿದ್ದರೆ ಬೇಗ ಮಾಡಿಕೊಂಡು, ಆಮೇಲೆ ಅಂಡಾಶಯ ತೆಗೆಸಿಬಿಡುವುದು ಒಳ್ಳೆಯದು. ಎದೆಯನ್ನು ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಇಷ್ಟನ್ನೂ ನಮ್ಮ ನಡುಮನೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ನಡೆಯುತ್ತಾ ಹೇಳಿದಳು. ನನಗೆ ಅವಳ ಮಾತಿಗಿಂತ ಹೆಚ್ಚಾಗಿ ಆ ನಡಿಗೆಯೇ ಹೆದರಿಕೆ ಹುಟ್ಟಿಸಿತು.

ಅಷ್ಟರಲ್ಲಾಗಲೇ ಸಂಬಂಧಗಳು ಬರುತ್ತಿದ್ದವು. ಮುತ್ತೈದೆಯರ ಮನೆಯ ಹೆಣ್ಣೆಂದರೆ ಸುಮ್ಮನೆಯೇ? ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು ಕೇಸರಿಬಾತು ಮಾಡಲು ನನ್ನನ್ನು ಕರೆಯುತ್ತಿದ್ದರು, ಆದ್ದರಿಂದ ಎಲ್ಲವನ್ನೂ ಅಡಿಗೆಮನೆಯ ಬಾಗಿಲಿಂದ ಕಂಡಿದ್ದೇನೆ. ಅವಳು ಕಾಫಿ ತಟ್ಟೆ ಹಿಡಿದು ಬರುವಳು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, ಯಾರಿಗೂ ಕೊಡದೆ ನಿಲ್ಲುವಳು.

"ಕಾಫಿ ಕುಡಿಯೋಕ್ಕೆ ಮುಂಚೆ ಒಂದು ಮಾತು. ಕುಡಿದ್ಮೇಲೆ ಹೇಳಿದ್ರೆ ದಾಕ್ಷಿಣ್ಯಕ್ಕೆ ಬಿದ್ಬಿಡ್ತೀರ. ನಮ್ಮಜ್ಜಿ, ನಮ್ಮಮ್ಮ, ಚಿಕ್ಕಮ್ಮ, ಅಕ್ಕ ಎಲ್ಲಾ ಹೋಗಿದ್ದು ಕ್ಯಾನ್ಸರಿಂದ, ಭಾಗ್ಯದಿಂದ ಅಲ್ಲ. ಅದು ರಕ್ತದಲ್ಲಿ ಇಳ್ಕೊಂಡು ಬಂದಿದೆ. ನಂಗೂ ಇದೆ. ನನಗೆ ಹುಟ್ಟೋ ಮಕ್ಕಳಿಗೂ ಬರಬಹುದು. ನಂಗೆ ಮುತ್ತೈದೆ ಸಾವು ಬೇಡ. ಈ ಮನೆಯ ಮೊದಲನೇ ಮುಂಡೆ ನಾನಾಗ್ಬೇಕು ಅಂತ ಆಸೆ ಇದೆ."

ವಿಧವೆ ಎನ್ನುವ ಪುಸ್ತಕದ ಮಾತನ್ನೂ ಆಡಲಿಲ್ಲ, ಬೀದಿಯ ಮಾತನ್ನೇ ಆಡಿದಳು. ಗಂಡಿನ ತಾಯಿ ಎರಡೂ ಕಿವಿ ಮುಚ್ಚಿಕೊಂಡರು. ಒಳಗಿನಿಂದ ತಾತ ಕೋಲು ಕುಟ್ಟಿಕೊಂಡು ಬಂದು, "ಲೇ, ಬಿಡ್ತು ಅನ್ನೇ" ಎಂದು ಕೂಗಿದರು. ಕೆಟ್ಟ ಮಾತು ಬಾಯಿಗೆ ಬಂದರೆ ಬಿಡ್ತು ಎಂದುಬಿಟ್ಟರೆ ಅದು ತಾಗುವುದಿಲ್ಲವೆಂದು ನಮ್ಮ ನಂಬಿಕೆಯಲ್ಲವೆ. ಅವಳು ಅನ್ನಲಿಲ್ಲ. "ಅದೇ ನಂಗೆ ಬೇಕಾಗಿರೋದು ತಾತ, ಯಾಕೆ ಬಿಡ್ತು ಅನ್ಲಿ?" ಎಂದಳು. ಬಂದವರು ಕಾಫಿ ಮುಟ್ಟದೆ ಎದ್ದರು. ಹಾಗೆ ಎಷ್ಟೋ ಕಾಫಿ ಆರಿಹೋಯಿತು, ನನ್ನ ಕೇಸರಿಬಾತು ನಮ್ಮ ಮನೆಗೇ ವಾಪಸ್ಸು ಬಂತು.

ಅವಳ ಚಿಕ್ಕಪ್ಪನಿಗೆ ಒಬ್ಬಳೇ ಮಗಳು, ಮದುವೆಯ ವಯಸ್ಸಿಗೆ ಬಂದವಳು. "ನೀನು ಹಾಳಾಗೋದಲ್ದೆ ನನ್ನ ಮಗಳ ಬಾಳಿಗೂ ಕಲ್ಲು ಹಾಕ್ತಿದೀಯ. ಮನೆ ಮಾತು ಬೀದಿಗೆ ಯಾಕೆ ತರ್ತೀಯ?" ಎಂದು ಆತ ಜಗುಲಿಯಲ್ಲಿ ನಿಂತು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತು. ಅವಳು ತಣ್ಣಗೆ, "ಅವಳಿಗೂ ಟೆಸ್ಟ್ ಮಾಡಿಸು ಚಿಕ್ಕಪ್ಪ. ಬೈಯೋದಿದ್ರೆ ಆಮೇಲೆ ಬೈ" ಎಂದಳು. ಆತ ಮಗಳನ್ನು ಕರೆದುಕೊಂಡು ಊರು ಬಿಟ್ಟ. ಆ ಹುಡುಗಿಯ ಮದುವೆ ಎಲ್ಲೋ ದೂರದಲ್ಲಿ ಏನೂ ಹೇಳದೆ ಆಯಿತೆಂದು ಕೇಳಿದೆ. ಅವಳಿಗೆ ಕಾಯಿಲೆಯ ಗುಣ ಇಳಿದಿದೆಯೋ ಇಲ್ಲವೋ, ಗೊತ್ತಿಲ್ಲದೆ ಬದುಕುತ್ತಿದ್ದಾಳೆ. ಇದನ್ನು ನೆನೆದಾಗಲೆಲ್ಲ ಇವಳು ಉಗುರು ಕಚ್ಚುತ್ತಿದ್ದಳು.

ಕೊನೆಗೆ ನಂದಗುಡಿ ಕಡೆಯಿಂದ ಒಬ್ಬ ಬಂದ. ಸೀರೆ ಮೂಟೆ ಸಾಗಿಸುವ ಟೆಂಪೋ ಓಡಿಸುತ್ತಿದ್ದವನು. ಇವಳ ಅಂಗಡಿಗೂ ಬಂದು ಹೋಗುತ್ತಿದ್ದವನಂತೆ. ಅವಳು ಮಾತು ಮುಗಿಸಿದಳು. ಜೊತೆಗೆ ಬಂದ ಸೋದರಮಾವ ಚಪ್ಪಲಿ ಹುಡುಕತೊಡಗಿದ. ಇವನು ಮಾತ್ರ ಕೈ ಚಾಚಿ ಆರಿದ ಕಾಫಿ ತೆಗೆದುಕೊಂಡು ಗಟಗಟ ಕುಡಿದು, "ಅಲ್ಲಾ ಕಣ್ರೀ, ನಾನು ಯಾವಾಗ ಹೋಗ್ಬೇಕು ಅಂತ ಮುಂಚೇನೇ ಹೇಳ್ಬಿಡಿ, ರೆಡಿಯಾಗಿರ್ತೀನಿ" ಎಂದ. ಅವಳು ನಕ್ಕಳು. ಅಡಿಗೆಮನೆಯ ಬಾಗಿಲಲ್ಲಿ ನಾನು ಅತ್ತುಬಿಟ್ಟೆ, ಯಾಕೆಂದು ಇವತ್ತಿಗೂ ತಿಳಿಯದು. ಶಿವಗಂಗೆಯಲ್ಲಿ ಮದುವೆಯಾಯಿತು, ಅವನೂ ಈ ಮನೆಗೇ ಅಳಿಯನಾಗಿ ಬಂದ.

ಮದುವೆಗಿಂತ ದೊಡ್ಡ ಸಂಕಟ ಶುರುವಾದದ್ದು ಆಮೇಲೆ. ಬೀದಿಯ ಹೆಂಗಸರು "ಏನಾದ್ರೂ ವಿಶೇಷ ಇದ್ಯಾ?" ಎಂದು ಕೇಳುವರು. "ವಿಶೇಷ ನಮ್ಮ ರಕ್ತದಲ್ಲೇ ಇದೆ" ಎಂದು ಅವಳು ದಾಟಿಕೊಂಡು ಹೋಗುವಳು. ಆದರೆ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ನನ್ನನ್ನು ಹಿಡಿದುಕೊಳ್ಳುವಳು. ಒಂದು ದಿನ, "ಅಕ್ಕನ ಕೊನೇ ದಿನ ನೋಡಿದೀನಿ. ಅದನ್ನ ಒಂದು ಮಗುವಿಗೆ ಕೊಡೋಕೆ ನಾನ್ಯಾರು? ಬೇಡವೇ ಬೇಡ" ಎಂದು ತೀರ್ಮಾನ. ನಾನೂ ಹೂಂ ಎಂದೆ. ಮಾರನೆಯ ದಿನ ಒದ್ದೆ ಸೀರೆ ಕೈಯಲ್ಲೇ ಇದೆ, "ಅಲ್ಲಾ ಅಕ್ಕ, ನಮ್ಮಮ್ಮನಿಗೆ ಇದೆಲ್ಲ ಗೊತ್ತಿದ್ದು ನನ್ನ ಹೆರದೆ ಇದ್ದಿದ್ರೆ? ನಾನು ಇರ್ತಾನೇ ಇರ್ಲಿಲ್ಲ. ನಂಗೆ ಇರೋದು ಇಷ್ಟ ಅಕ್ಕ. ಇಷ್ಟೆಲ್ಲ ಆದ್ರೂ ಇಷ್ಟ" ಎಂದಳು. ಅದಕ್ಕೂ ನಾನು ಹೂಂ ಎಂದೆ. "ನೀವೇನು ಬಸವನ ಥರ ಎಲ್ಲಕ್ಕೂ ತಲೆ ಆಡಿಸ್ತೀರ" ಎಂದು ನನ್ನ ಮೇಲೇ ಹರಿಹಾಯ್ದಳು.

ಗಂಡನನ್ನು ಕೇಳಿದರೆ ಅವನು, "ನಿನ್ನಿಷ್ಟ" ಎನ್ನುವನು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವಳಿಗೆ ಅದಕ್ಕೇ ಸಿಟ್ಟು. "ನಿನ್ನಿಷ್ಟ ಅಂದು ಇವ್ರು ಮಲ್ಕೊಂಡ್ಬಿಡ್ತಾರೆ. ನಾನು ರಾತ್ರಿಯೆಲ್ಲ ಎದ್ದಿರ್ಬೇಕು" ಎಂದು ದೂರುವಳು.

ಡಾಕ್ಟರಮ್ಮ ಇನ್ನೊಂದು ದಾರಿಯನ್ನೂ ಹೇಳಿದ್ದರು. ಭ್ರೂಣಗಳನ್ನು ಹೊರಗೆ ಬೆಳೆಸಿ, ಪರೀಕ್ಷೆ ಮಾಡಿ, ಈ ಗುಣ ಇಲ್ಲದ್ದನ್ನು ಆರಿಸಿ ಗರ್ಭದಲ್ಲಿ ಇಡಬಹುದಂತೆ. ನನಗೆ ಬಹಳ ಸಂತೋಷವಾಯಿತು. ಹಾಗೇ ಮಾಡಿಬಿಡೇ, ಸಾಲ ಆದರೂ ಆಗಲಿ ಎಂದೆ. ಅವಳು ಮಹಡಿಯ ಗೋಡೆ ಹಿಡಿದು ಬೀದಿ ನೋಡುತ್ತಿದ್ದಳು. "ಒಳ್ಳೇದೇ ಅಕ್ಕ. ಮಾಡಿಸ್ಕೊಳ್ಳೋರು ಪುಣ್ಯವಂತರು. ಆದ್ರೆ ಆ ಟೇಬಲ್ ಮೇಲೆ ನಾನಿದ್ದಿದ್ರೆ ನನ್ನ ಆರಿಸ್ತಿರ್ಲಿಲ್ಲ ಅಲ್ವಾ, ಅದೊಂದು ತಲೆಯಿಂದ ಹೋಗ್ತಿಲ್ಲ" ಎಂದಳು. ನಾನು ಬಕೆಟ್ಟಿನಿಂದ ಇನ್ನೊಂದು ಸೀರೆ ತೆಗೆದು ಹಿಂಡಿದೆ.

ಹೀಗೆ ಹೂಂ ಬೇಡ ಹೂಂ ಬೇಡ ಎನ್ನುತ್ತಲೇ ಒಂದು ದಿನ ಬಸುರಾದಳು. ಬೇಕೆಂದೇ ಆದದ್ದು ಎಂದು ಆಮೇಲೆ ಹೇಳಿದಳು. ಸೀಮಂತದಲ್ಲಿ ಹೆಂಗಸರೆಲ್ಲ ಗಂಡಾಗಲಿ ಎಂದು ಮಡಿಲು ತುಂಬಿದರು. ಹೆಣ್ಣಾದರೆ ಇನ್ನೊಬ್ಬ ಮುತ್ತೈದೆ ಎಂದು ಒಬ್ಬಾಕೆ ಅಂದಾಗ ನಾನು ಆಕೆಯ ಕಾಲು ತುಳಿದೆ. ಗಂಡಾದರೂ ಗ್ಯಾರಂಟಿ ಇಲ್ಲ, ಅವನಿಗೂ ಇಳಿಯಬಹುದು, ಅವನಿಂದ ಮುಂದಕ್ಕೂ ಹೋಗಬಹುದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಗಂಡಿಗೆ ಹರಕೆ ಹೊತ್ತಿದ್ದಳು. ಹೆಣ್ಣು ಹುಟ್ಟಿತು. ಆಸ್ಪತ್ರೆಗೆ ನಾನು ಹೋದಾಗ ಮಗುವನ್ನು ತೋಳಲ್ಲಿಟ್ಟುಕೊಂಡು ವಾರ್ಡಿನಲ್ಲಿ ಓಡಾಡುತ್ತಿದ್ದಳು, ನರ್ಸು ಹಿಂದಿನಿಂದ ಬೈಯುತ್ತಾ ಬರುತ್ತಿದ್ದಳು.

ಮಗುವಿಗೆ ಮೂರು ತುಂಬಿದ ಮೇಲೆ ಅಂಡಾಶಯ ತೆಗೆಸುವ ಆಪರೇಷನ್ ಮಾಡಿಸಿಕೊಂಡಳು. ಚಿಕ್ಕ ವಯಸ್ಸಿಗೇ ಮುಟ್ಟು ನಿಂತು ಮೈಯೆಲ್ಲ ಬಿಸಿಯೇರುವುದು, ಬೆವರುವುದು ಶುರುವಾಯಿತು. ಮೊದಲೇ ಕೂರದವಳು, ಇನ್ನು ಕೇಳಬೇಕೆ. ಹೆಣ್ತನವನ್ನೇ ಕೈಯಾರೆ ಕಿತ್ತು ಹಾಕಿಸಿಕೊಂಡಳು ಎಂದು ಬೀದಿ ಆಡಿಕೊಂಡಿತು. ಅವಳ ಗಂಡ ಮಾತ್ರ ತಿಂಗಳುಗಟ್ಟಲೆ ತಲೆ ಬಾಚಿ ಮಗುವನ್ನು ಶಾಲೆಗೆ ಬಿಡುತ್ತಿದ್ದ, ಜಡೆ ಸೊಟ್ಟಗೆ ಹಾಕಿ.

ಕೊರೊನಾ ಎರಡನೆಯ ಸಲ ಬಂದಾಗ ಅವನು ಹೋದ. ಗಟ್ಟಿಮುಟ್ಟಾಗಿದ್ದವನು, ಆಸ್ಪತ್ರೆಗೆ ನಡೆದುಕೊಂಡೇ ಹೋದವನು ವಾಪಸ್ಸು ಬರಲಿಲ್ಲ. ಆಸ್ಪತ್ರೆಯವರು ಮುಖವನ್ನೂ ತೋರಿಸಲಿಲ್ಲ. ಬೀದಿಗೆ ಒಂದೇ ಮಾತು: ಬಾಯಿಂದ ಬಂದದ್ದೇ ಆಯ್ತಲ್ಲ, ನಾಲಿಗೆಯಲ್ಲಿ ಶನಿ ಇತ್ತು. ಅವಳ ಕಿವಿಗೆ ಬೀಳದೆ ಇರುತ್ತದೆಯೆ? ಒಂದು ಮಧ್ಯಾಹ್ನ ನಮ್ಮ ಹಿತ್ತಿಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತಳು. ಅವಳು ಕೂತದ್ದನ್ನು ನಾನು ನೋಡಿದ್ದೇ ಅಪರೂಪ.

"ಅಕ್ಕ, ಅವತ್ತು ತಾತ ಹೇಳಿದಾಗ ಬಿಡ್ತು ಅಂದಿದ್ರೆ ಇವ್ರು ಉಳೀತಿದ್ರಾ?"

"ಮುಚ್ಚು ಬಾಯಿ" ಎಂದು ಕಿರುಚಿದೆ. ಅಷ್ಟು ಓದಿಕೊಂಡವಳು, ರಕ್ತ, ಪರೀಕ್ಷೆ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ಹೀಗೆ ಕೇಳಿದಳಲ್ಲ. "ನಾನು ಬದುಕ್ಬೇಕು ಅಂದಿದ್ದು ಅಕ್ಕ. ಅವ್ರು ಸಾಯ್ಲಿ ಅಂದಿರ್ಲಿಲ್ಲ" ಎಂದಳು. ಗೊತ್ತು ಕಣೆ, ನಂಗೊತ್ತು ಎಂದು ಪಕ್ಕದಲ್ಲೇ ಕೂತೆ. ಆ ವರ್ಷ ಅಮಾವಾಸ್ಯೆಗೆ ಸೀರೆಗಳ ಪಕ್ಕ ಮೊದಲ ಸಲ ಒಂದು ಪಂಚೆ, ಒಂದು ಶರಟು ಇಟ್ಟರು. ಬೀದಿಯ ಮುತ್ತೈದೆಯರು ಯಾರೂ ಊಟಕ್ಕೆ ಹೋಗಲಿಲ್ಲ. ನಾನು ಹೋದೆ.

ತೊಂಬತ್ತು ದಾಟಿದ್ದ ತಾತ, ಅವರ ಹಿಂದೆಯೇ ಅಪ್ಪ, ಇಬ್ಬರೂ ಹೋದರು. ಮಗ್ಗಗಳನ್ನು ಮಾರಿದರು. ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ನಂದಗುಡಿಯ ಅತ್ತೆಯೂ ಹತ್ತಿರವಾಗುತ್ತಾರೆಂದು ಮನೆ ಬಿಡುವುದೆಂದಾಯಿತು. ಎದೆಯ ಪರೀಕ್ಷೆಗೆ ತಪ್ಪದೆ ಹೋಗುತ್ತಾಳೆ. ಪ್ರತಿ ಸಲವೂ ರಿಪೋರ್ಟು ಬರುವವರೆಗೆ ನನಗೆ ದಿನಕ್ಕೆ ನಾಲ್ಕು ಫೋನು.

ಹೊರಡುವ ವಾರ ಮಗಳಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಈಗಲೇ ಯಾಕೆ, ಇನ್ನೂ ಮಗು ಎಂದು ನಾನು ರೇಗಿದೆ. "ಹೊಸ ಊರಲ್ಲಿ ಯಾರೋ ಭಾಗ್ಯ ಅಂತ ಹೇಳೋಕ್ಕೆ ಮುಂಚೆ ನಾನು ಕಾಯಿಲೆ ಅಂತ ಹೇಳ್ತೀನಿ" ಎಂದಳು. ಆ ಹುಡುಗಿ ಅಮ್ಮನ ಜೊತೆ ಮಾತು ಬಿಟ್ಟಿತು. ಊಟಕ್ಕೆ ನಮ್ಮ ಮನೆಗೆ ಬರುವುದು, ತಟ್ಟೆ ತೊಳೆದಿಟ್ಟು ಹೋಗುವುದು. ಅವಳು ಗೇಟಿನ ಹತ್ತಿರ ನಿಂತು ಮಗಳು ತಿನ್ನುವುದನ್ನು ನೋಡುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ.

ಸಾಮಾನು ತುಂಬಿದ ದಿನ ಬೆಳಿಗ್ಗೆ ಟೆಂಪೋದವನು ಹಗ್ಗ ಬಿಗಿಯುತ್ತಿದ್ದ. ನಾನು ದಾರಿಗೆಂದು ಚಿತ್ರಾನ್ನದ ಡಬ್ಬಿ ಹಿಡಿದು ನಿಂತಿದ್ದೆ. ಅವಳು ಖಾಲಿ ಮನೆಯೊಳಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಜಗುಲಿಯ ಮೇಲೆ ಕೂತಿದ್ದ ಹುಡುಗಿ ತಲೆ ಎತ್ತಿತು.

"ಗೊತ್ತಿದ್ದೂ ಯಾಕಮ್ಮ ನನ್ನ ಹೆತ್ತೆ?"

ಟೆಂಪೋದವನ ಕೈ ಕೂಡ ಹಗ್ಗದ ಮೇಲೆ ನಿಂತಿತು. ನಾನು ಮಧ್ಯೆ ಬಾಯಿ ಹಾಕಿ ಏನಾದರೂ ಸಮಾಧಾನ ಹೇಳಬೇಕೆಂದುಕೊಂಡೆ; ದೇವರು ಒಳ್ಳೆಯದು ಮಾಡುತ್ತಾನೆ ಎಂಬಂಥದ್ದು. ಅವಳು ಕೈ ಅಡ್ಡ ಹಿಡಿದು ನನ್ನನ್ನು ತಡೆದಳು.

"ನಂಗೆ ಬೇಕಿತ್ತು ಕಣೆ. ನಿನ್ನ ಒಳ್ಳೇದಕ್ಕೆ ಹೆತ್ತೆ ಅಂತ ಸುಳ್ಳು ಹೇಳಲ್ಲ. ಹೆದರ್ಕೊಂಡೇ ಹೆತ್ತೆ. ನಿಂಗೆ ತಪ್ಪು ಅನ್ಸಿದ್ರೆ ಬೈದ್ಬಿಡು. ಮಾತ್ ಮಾತ್ರ ಬಿಡ್ಬೇಡ."

ಅಪ್ಪ ಯೋಚಿಸುವಾಗ ಮಾಡುತ್ತಿದ್ದ ಹಾಗೇ ಹುಡುಗಿ ಕೆಳತುಟಿ ಕಚ್ಚಿಕೊಂಡಿತು.

"ಈಗ ಬೈಯಲ್ಲ. ಹದಿನೆಂಟಾದ್ಮೇಲೆ ಟೆಸ್ಟ್ ಮಾಡಿಸ್ತೀನಿ. ಏನ್ ಬರುತ್ತೆ ನೋಡ್ಕೊಂಡು ಆಮೇಲೆ ಬೈತೀನಿ."

"ಆಯ್ತು" ಎಂದಳು ಅವಳು. "ಬೈಸ್ಕೊಳ್ಳೋಕೆ ಇರ್ತೀನಿ."